ಮನಸ್ಸನ್ನು ಓದುವ ತಂತ್ರಗಳು: ಒಂದು ಪರಿಶೀಲನೆ

ವಿದ್ಯಾರ್ಥಿಯ ಮನಸ್ಸನ್ನು ಅರಿತು ಪಾಠ ಹೇಳಬೇಕೆಂಬುದು ಅಧ್ಯಾಪನ ಶಾಸ್ತ್ರದ ಮೊದಲನೆಯ ಪಾಠ. ಹೇಳುವುದು ಸುಲಭ, ಆಚರಣೆ ಕಷ್ಟ. ಜೂನ್ ತಿಂಗಳಿನಲ್ಲಿ ಕ್ಯಾತ್ಸಂದ್ರದ ರೈಲು ನಿಲ್ದಾಣದ ಬಳಿ ನಿಂತು ನೋಡಿದವರಿಗೆ ಇದರ ಅರ್ಥವಾದೀತು. ತಲೆಯ ಮೇಲೆ ತಗಡಿನ ಟ್ರಂಕು ಹೊತ್ತ ತಂದೆ, ಅವನ ಹಿಂದೆ ಹೊಸ ಅಂಗಿ ತೊಟ್ಟು ಹೆಜ್ಜೆ ಎಳೆಯುತ್ತ ಬರುವ ಮಗ. ಒಬ್ಬ ಹುಡುಗನದು ರಾಯಚೂರಿನ ಕಡೆಯ ಮಾತು, ಇನ್ನೊಬ್ಬನದು ಪಾವಗಡದ ಕಡೆಯ ಮಾತು, ಮತ್ತೊಬ್ಬ ಬಾಯನ್ನೇ ಬಿಡುವುದಿಲ್ಲ. ಒಂದು ವಾರದೊಳಗಾಗಿ ಇಂತಹ ಅರುವತ್ತು ಮಕ್ಕಳು ಒಂದು ಕೊಠಡಿಯಲ್ಲಿ ಕುಳಿತಿರುತ್ತಾರೆ. ಇವರಲ್ಲಿ ಮನೆಯ ನೆನಪಿನಿಂದ ಕೊರಗುವವನು ಯಾರು, ಅರ್ಥವಾಗದೆ ಸುಮ್ಮನಿರುವವನು ಯಾರು, ಅರ್ಥವಾಗಿಯೂ ನಾಚಿಕೆಯಿಂದ ಸುಮ್ಮನಿರುವವನು ಯಾರು ಎಂಬುದನ್ನು ಅಧ್ಯಾಪಕನು ಕಂಡುಕೊಳ್ಳಬೇಕು. ಅದಕ್ಕೆ ತಿಂಗಳುಗಳು ಬೇಕು. ಹೀಗಿರುವಾಗ, ಎರಡೇ ದಿನಗಳಲ್ಲಿ ಎದುರಿನವರ ಮನಸ್ಸನ್ನು ಓದುವ ವಿದ್ಯೆಯನ್ನು ಕಲಿಸಿಕೊಡುತ್ತೇವೆಂದು ಯಾರಾದರೂ ಹೇಳಿದರೆ ಯಾವ ಅಧ್ಯಾಪಕನ ಕಿವಿ ತಾನೆ ನೆಟ್ಟಗಾಗದು?

2003ರಲ್ಲಿ ತುಮಕೂರಿನಲ್ಲಿ ಪ್ರೌಢಶಾಲಾ ಅಧ್ಯಾಪಕರಿಗಾಗಿ ನಡೆದ ಅಂತಹ ಒಂದು ಶಿಬಿರದಲ್ಲಿ ಪ್ರಕೃತ ಲೇಖಕನೂ ಭಾಗವಹಿಸಿದ್ದನು. ಆಗ ನಾನು ಕುಣಿಗಲಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಕಲಿಸಿದ ವಿದ್ಯೆಯ ಹೆಸರು ನ್ಯೂರೋ-ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್, ಸಂಕ್ಷೇಪವಾಗಿ ಎನ್.ಎಲ್.ಪಿ. ನರಮಂಡಲ, ಭಾಷೆ, ನಡವಳಿಕೆ ಈ ಮೂರಕ್ಕೂ ಇರುವ ಗಂಟನ್ನು ಬಿಡಿಸಿ, ಬೇಕಾದಂತೆ ಮರಳಿ ಕಟ್ಟುವ ಶಾಸ್ತ್ರವೆಂದು ಅದನ್ನು ವಿವರಿಸಿದರು. ತರಬೇತುದಾರರು ವಾಗ್ಮಿಗಳು, ಸಜ್ಜನರು. ನಾನು ಎರಡು ದಿನವೂ ಮುಂದಿನ ಸಾಲಿನಲ್ಲಿ ಕುಳಿತು ನೋಟ್ ಪುಸ್ತಕದ ತುಂಬ ಬರೆದುಕೊಂಡೆ. ಅಂದು ಬರೆದುಕೊಂಡುದರಲ್ಲಿ ಎಷ್ಟು ನಿಜ, ಎಷ್ಟು ಹುಸಿ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಇಂತಹ ಶಿಬಿರಗಳಿಗೆ ಶಾಲೆಗಳು ಈಗಲೂ ಹಣ ವೆಚ್ಚ ಮಾಡುತ್ತಿರುವುದರಿಂದಲೂ, ಆ ಹಣದಲ್ಲಿ ದಾನಿಗಳ ಪಾಲು ಇರುವುದರಿಂದಲೂ ಈ ವಿಚಾರ ಇಲ್ಲಿ ಅಪ್ರಸ್ತುತವಾಗಲಾರದು.

ಮೊದಲು ಈ ವಿದ್ಯೆ ಹುಟ್ಟಿದ ಬಗೆಯನ್ನು ನೋಡೋಣ. 1970ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಾಂತಾ ಕ್ರೂಜ್ ಶಾಖೆಯಲ್ಲಿ ರಿಚರ್ಡ್ ಬ್ಯಾಂಡ್ಲರ್ ಎಂಬ ವಿದ್ಯಾರ್ಥಿಯೂ ಜಾನ್ ಗ್ರಿಂಡರ್ ಎಂಬ ಭಾಷಾಶಾಸ್ತ್ರದ ಅಧ್ಯಾಪಕರೂ ಜೊತೆಗೂಡಿದರು. ಮನೋಚಿಕಿತ್ಸೆಯಲ್ಲಿ ಅಸಾಧಾರಣ ಯಶಸ್ಸು ಗಳಿಸಿದ್ದ ಕೆಲವರ ಮಾತಿನ ಮತ್ತು ವರ್ತನೆಯ ರೀತಿಯನ್ನು ಗಮನಿಸಿ, ಆ ಯಶಸ್ಸಿನ ಒಳಗುಟ್ಟನ್ನು ಸೂತ್ರರೂಪಕ್ಕೆ ತರುವುದು ಅವರ ಹಂಬಲ. ಗೆಸ್ಟಾಲ್ಟ್ ಚಿಕಿತ್ಸೆಯ ಫ್ರಿಟ್ಜ್ ಪರ್ಲ್ಸ್, ಕುಟುಂಬ ಚಿಕಿತ್ಸೆಯ ವರ್ಜೀನಿಯಾ ಸಟೀರ್, ಸಂಮೋಹನ ಚಿಕಿತ್ಸೆಯ ಮಿಲ್ಟನ್ ಎರಿಕ್ಸನ್ ಈ ಮೂವರು ಅವರಿಗೆ ಆದರ್ಶರಾದರು. 1975ರಲ್ಲಿ ‘ದಿ ಸ್ಟ್ರಕ್ಚರ್ ಆಫ್ ಮ್ಯಾಜಿಕ್’, 1979ರಲ್ಲಿ ‘ಫ್ರಾಗ್ಸ್ ಇನ್ಟು ಪ್ರಿನ್ಸಸ್’ ಎಂಬ ಗ್ರಂಥಗಳು ಹೊರಬಂದವು. ಒಂದರ ಹೆಸರಿನಲ್ಲಿ ಮಾಯಾವಿದ್ಯೆ, ಇನ್ನೊಂದರ ಹೆಸರಿನಲ್ಲಿ ರಾಜಕುಮಾರರಾಗುವ ಕಪ್ಪೆಗಳು! ವಿದ್ಯೆಯ ಮುಂದಿನ ಗತಿಯನ್ನು ಈ ಹೆಸರುಗಳೇ ಸೂಚಿಸುವಂತಿವೆ.

ಒಳ್ಳೆಯ ಕುಶಲಿಯೊಬ್ಬನನ್ನು ಹತ್ತಿರದಿಂದ ಗಮನಿಸಿ ಅವನ ಕೌಶಲವನ್ನು ಇತರರಿಗೆ ಕಲಿಸಬೇಕೆಂಬ ಈ ಮೂಲ ಪ್ರಯತ್ನದಲ್ಲಿ ದೋಷವೇನೂ ಇಲ್ಲ. ನಮ್ಮಲ್ಲಿ ಬಡಗಿಯ ಮಗ ಬಡಗಿಯಾದುದೂ, ಸಂಗೀತಗಾರನ ಶಿಷ್ಯ ಸಂಗೀತಗಾರನಾದುದೂ ಹೀಗೆಯೇ. ಆದರೆ ಹಾಗೆ ಗಮನಿಸಿ ಊಹಿಸಿದ ಸೂತ್ರ ನಿಜವೇ ಎಂದು ಬೇರೆಯಾಗಿ ಪರೀಕ್ಷಿಸಿ ನೋಡುವ ಕೆಲಸ ಉಳಿದುಬಿಟ್ಟಿತು. ಸೂತ್ರಗಳು ಪರೀಕ್ಷೆಗಿಂತ ಮೊದಲೇ ಪೇಟೆಗೆ ಬಂದವು. ಮುಂದೆ ಈ ಹೆಸರಿನ ಒಡೆತನಕ್ಕಾಗಿ ಸ್ಥಾಪಕರ ನಡುವೆಯೇ ಮೊಕದ್ದಮೆಗಳು ನಡೆದವು. ಇಂದು ಜಗತ್ತಿನಲ್ಲಿ ಯಾರು ಬೇಕಾದರೂ ಶಿಬಿರ ನಡೆಸಬಹುದು, ಯಾರು ಬೇಕಾದರೂ ಪ್ರಮಾಣಪತ್ರ ಕೊಡಬಹುದು. ನನ್ನಲ್ಲಿಯೂ ಅಂತಹುದೊಂದು ಬಹುಕಾಲ ಚೌಕಟ್ಟಿನೊಳಗಿತ್ತು.

ಎನ್.ಎಲ್.ಪಿ.ಯ ಬೋಧನೆಗಳನ್ನು ಎರಡು ರಾಶಿಯಾಗಿ ವಿಂಗಡಿಸಿಕೊಂಡರೆ ವಿಚಾರ ತಿಳಿಯಾಗುತ್ತದೆ. ಒಂದು, ಅದು ಬೇರೆಡೆಯಿಂದ ಪಡೆದುಕೊಂಡದ್ದು. ಇನ್ನೊಂದು, ಅದು ತನ್ನದೆಂದು ಹೇಳಿಕೊಳ್ಳುವುದು.

ಎದುರಿನವನ ಮಾತನ್ನು ಸಮಾಧಾನದಿಂದ ಕೇಳಬೇಕು, ಅವನ ದನಿಗೆ ನಮ್ಮ ದನಿಯನ್ನು ಹೊಂದಿಸಿಕೊಳ್ಳಬೇಕು, ‘ನೀನು ದಡ್ಡ’ ಎನ್ನುವ ಬದಲು ‘ಈ ಲೆಕ್ಕ ನಿನಗೆ ಇನ್ನೂ ಒಲಿದಿಲ್ಲ’ ಎಂದು ನುಡಿಯಬೇಕು ಎಂಬ ಉಪದೇಶಗಳು ಮೊದಲನೆಯ ರಾಶಿಗೆ ಸೇರಿದವು. ಇವು ಒಳ್ಳೆಯ ಮಾತುಗಳೇ. ಆದರೆ ಇವು ಸಾಂತಾ ಕ್ರೂಜ್‌ನಲ್ಲಿ ಹುಟ್ಟಿದವಲ್ಲ. ‘ಆಂಕರಿಂಗ್’ ಅಥವಾ ಲಂಗರು ಹಾಕುವುದು ಎಂಬ ತಂತ್ರವನ್ನು ಶಿಬಿರದಲ್ಲಿ ಬಹಳ ಸಂಭ್ರಮದಿಂದ ಕಲಿಸಿದರು. ಸಂತೋಷದ ಪ್ರಸಂಗವೊಂದನ್ನು ನೆನೆಯುತ್ತ ಹೆಬ್ಬೆರಳನ್ನೂ ತೋರುಬೆರಳನ್ನೂ ಒತ್ತಿಕೊಳ್ಳುವುದು, ಮುಂದೆ ಹೆದರಿಕೆಯಾದಾಗ ಅದೇ ಬೆರಳುಗಳನ್ನು ಒತ್ತಿ ಆ ಸಂತೋಷವನ್ನು ಮರಳಿ ಕರೆಯುವುದು. ಪಾವ್ಲೊವ್ ಎಂಬ ರಷ್ಯದ ವಿಜ್ಞಾನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ನಾಯಿಗಳಲ್ಲಿ ಕಂಡು ವಿವರಿಸಿದ ಅಭ್ಯಾಸಬದ್ಧ ಪ್ರತಿಕ್ರಿಯೆಯ ದೂರದ ನೆಂಟ ಇದು. ವಿದ್ಯಾರ್ಥಿನಿಲಯದಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಊಟದ ಗಂಟೆಯ ಸದ್ದು ಕಿವಿಗೆ ಬಿದ್ದೊಡನೆ ಹಸಿವಿಲ್ಲದವನಿಗೂ ಹಸಿವಾಗುತ್ತದೆ. ಆದರೆ ಗಂಟೆಗೂ ಊಟಕ್ಕೂ ನಂಟು ಬೆಳೆಯಲು ಅದೆಷ್ಟೋ ದಿನ ಗಂಟೆಯ ಹಿಂದೆಯೇ ಊಟ ಬಂದಿರಬೇಕು. ಒಂದು ಮಧ್ಯಾಹ್ನ ಎರಡು ಬೆರಳು ಒತ್ತಿಕೊಂಡ ಮಾತ್ರಕ್ಕೆ ಪರೀಕ್ಷೆಯ ಭಯ ಓಡಿಹೋಗುವುದೆಂದರೆ ಅದು ಪಾವ್ಲೊವ್ ಹೇಳಿದ ಮಾತಲ್ಲ.

ಇನ್ನು ಎರಡನೆಯ ರಾಶಿ. ಇಲ್ಲಿ ಮುಖ್ಯವಾದವು ಎರಡು ಪ್ರತಿಪಾದನೆಗಳು. ಪ್ರತಿಯೊಬ್ಬ ಮನುಷ್ಯನೂ ಲೋಕವನ್ನು ಮುಖ್ಯವಾಗಿ ಒಂದು ಇಂದ್ರಿಯದ ಮೂಲಕ ಗ್ರಹಿಸುತ್ತಾನೆ, ಒಬ್ಬ ನೋಟದವನು, ಒಬ್ಬ ಕೇಳ್ಮೆಯವನು, ಒಬ್ಬ ಸ್ಪರ್ಶ ಹಾಗೂ ಚಲನೆಯವನು ಎಂಬುದು ಒಂದು. ಕಣ್ಣುಗುಡ್ಡೆಯ ಓಟವನ್ನು ನೋಡಿ ಒಳಗಿನ ಯೋಚನೆಯ ಬಗೆಯನ್ನು ಹೇಳಬಹುದು ಎಂಬುದು ಇನ್ನೊಂದು. ಬಲಗೈ ರೂಢಿಯವನು ತನ್ನ ಎಡಕ್ಕೆ ಮೇಲೆ ನೋಡಿದರೆ ಕಂಡದ್ದನ್ನು ನೆನೆಯುತ್ತಿದ್ದಾನೆ, ಬಲಕ್ಕೆ ಮೇಲೆ ನೋಡಿದರೆ ಕಾಣದ ಚಿತ್ರವನ್ನು ಕಟ್ಟುತ್ತಿದ್ದಾನೆ ಎಂದು ಆ ನಕ್ಷೆ ಹೇಳುತ್ತದೆ. ಕಾಣದ್ದನ್ನು ಕಟ್ಟುವವನು ಸುಳ್ಳುಗಾರನೆಂಬ ತೀರ್ಮಾನ ಮೂಲ ನಕ್ಷೆಯಲ್ಲಿ ಇದ್ದುದಲ್ಲ. ಅದು ಅನುಯಾಯಿಗಳು ಮುಂದೆ ಬೆಳೆಸಿದ್ದು. ನಮ್ಮ ಶಿಬಿರದಲ್ಲಿ ಮಾತ್ರ ಅದನ್ನೇ ಎಲ್ಲಕ್ಕಿಂತ ಗಟ್ಟಿಯಾಗಿ ಕಲಿಸಿದರು. ಹಲಗೆಯ ಮೇಲೆ ದೊಡ್ಡ ಮುಖವೊಂದನ್ನು ಬರೆದು ಆರು ದಿಕ್ಕಿಗೂ ಬಾಣಗಳನ್ನು ಹಾಕಿದ್ದರು. ನನ್ನ ನೋಟ್ ಪುಸ್ತಕದಲ್ಲಿ ಆ ಮುಖ ಇನ್ನೂ ಇದೆ.

ಆ ಮುಖದಿಂದ ಆದ ಅನಾಹುತವನ್ನು ಹೇಳದೆ ಮುಂದುವರಿಯುವುದು ನನಗೆ ಸಾಧ್ಯವಿಲ್ಲ. ಶಿಬಿರ ಮುಗಿದು ತಿಂಗಳಾಗಿರಲಿಲ್ಲ. ಹತ್ತನೆಯ ತರಗತಿಯ ಮಕ್ಕಳಿಂದ ಸಂಗ್ರಹಿಸಿದ್ದ ಪರೀಕ್ಷಾ ಶುಲ್ಕದಲ್ಲಿ ಮುನ್ನೂರೈವತ್ತು ರೂಪಾಯಿ ಕಡಮೆಯಾಯಿತು. ನಾನು ಮೇಜಿನ ಬಳಿ ಇಲ್ಲದ ಹೊತ್ತಿನಲ್ಲಿ ಕೊಠಡಿಯಲ್ಲಿದ್ದವನು ಒಬ್ಬನೇ ಹುಡುಗ. ಅವನನ್ನು ಕರೆದು ಕೇಳಿದೆ. ಉತ್ತರ ಹೇಳುವ ಮುನ್ನ ಅವನ ಕಣ್ಣು ಬಲಕ್ಕೆ, ಮೇಲಕ್ಕೆ ಹೋಯಿತು, ಆಮೇಲೆ ನೆಲಕ್ಕಿಳಿಯಿತು. ‘ತೆಗೆದಿಲ್ಲ ಸಾರ್’ ಎಂದ. ನಾನು ಶಾಸ್ತ್ರ ಬಲ್ಲವನು! ಸಹೋದ್ಯೋಗಿಗಳ ಎದುರಿನಲ್ಲಿಯೇ, ‘ನಿನ್ನ ಬಾಯಿ ಇಲ್ಲವೆಂದರೂ ಕಣ್ಣು ಹೌದೆನ್ನುತ್ತಿದೆ’ ಎಂದುಬಿಟ್ಟೆ. ಹುಡುಗ ಮತ್ತೆ ಬಾಯಿ ತೆರೆಯಲಿಲ್ಲ. ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ.

ಐದನೆಯ ದಿನ ಅವನ ತಂದೆ ಬಂದರು. ರಾಗಿ ಹೊಲದಿಂದ ನೇರವಾಗಿ ಬಂದಂತಿತ್ತು. ಕೊಠಡಿಯ ಬಾಗಿಲಲ್ಲಿ ಮೆಟ್ಟು ಬಿಟ್ಟು ಒಳಗೆ ಬಂದು ನಿಂತರು. ‘ಮೇಷ್ಟ್ರೇ, ಹುಡುಗ ಕದ್ದಿದ್ರೆ ನೀವು ಏನು ಶಿಕ್ಷೆ ಕೊಟ್ರೂ ನಾನು ಕೇಳೋನಲ್ಲ. ಕಣ್ಣು ನೋಡಿ ಕಳ್ಳ ಅಂದ್ರಂತಲ್ಲ, ಅದು ಯಾವ ವಿದ್ಯೆ ಅಂತ ಕೇಳಾಕೆ ಬಂದೆ’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅದೇ ವಾರದ ಕೊನೆಯಲ್ಲಿ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟನ್ನು ಬಿಚ್ಚಿದಾಗ ನೋಟುಗಳು ಅದರ ನಡುವೆ ಸಿಕ್ಕಿದವು. ಇಟ್ಟವನು ನಾನೇ. ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನು ಶಾಲೆಗೆ ಮರಳಿದನು, ಪರೀಕ್ಷೆಯಲ್ಲಿ ತೇರ್ಗಡೆಯೂ ಆದನು. ಆದರೆ ಆ ವರ್ಷವಿಡೀ ಅವನು ನನ್ನ ತರಗತಿಯಲ್ಲಿ ಒಂದು ಪ್ರಶ್ನೆಗೂ ಕೈಯೆತ್ತಲಿಲ್ಲ.

ಕಣ್ಣಿನ ಈ ನಕ್ಷೆಯನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆಯೇ? ಪರೀಕ್ಷಿಸಿದ್ದಾರೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ವಿಶ್ವವಿದ್ಯಾನಿಲಯದ ರಿಚರ್ಡ್ ವೈಸ್‌ಮನ್, ಎಡಿನ್‌ಬರೋ ವಿಶ್ವವಿದ್ಯಾನಿಲಯದ ಕ್ಯಾರೊಲಿನ್ ವಾಟ್ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಂಬಂಧಿಸಿದ್ದು. ಅವರ ಕ್ರಮ ನಮ್ಮ ಮಕ್ಕಳಿಗೂ ಅರ್ಥವಾಗುವಷ್ಟು ಸರಳವಾಗಿದೆ. ಮೊದಲು, ಸುಳ್ಳು ಹೇಳುವವರ ಮತ್ತು ನಿಜ ಹೇಳುವವರ ಚಲನಚಿತ್ರ ತೆಗೆದು, ಯಾರು ಯಾವುದನ್ನು ಹೇಳಿದರೆಂದು ತಿಳಿಯದವರಿಂದ ಕಣ್ಣಿನ ಚಲನೆಗಳನ್ನು ಎಣಿಸಿದರು. ಎರಡು ಗುಂಪುಗಳಿಗೂ ನಕ್ಷೆ ಹೇಳುವಂತಹ ವ್ಯತ್ಯಾಸವಿರಲಿಲ್ಲ. ಬಳಿಕ, ಕೆಲವರಿಗೆ ಕಣ್ಣಿನ ನಕ್ಷೆಯನ್ನು ಕಲಿಸಿ, ಕೆಲವರಿಗೆ ಕಲಿಸದೆ, ಸುಳ್ಳನ್ನು ಪತ್ತೆಮಾಡಿರೆಂದು ಹೇಳಿದರು. ಕಲಿತವರು ಕಲಿಯದವರಿಗಿಂತ ಮೇಲಾಗಲಿಲ್ಲ. ಕೊನೆಗೆ, ಕಾಣೆಯಾದ ಬಂಧುಗಳಿಗಾಗಿ ಪತ್ರಕರ್ತರ ಮುಂದೆ ಮೊರೆಯಿಟ್ಟಂತಹ ಜನರ, ಅವರಲ್ಲಿ ನಿಜ ಹೇಳಿದವರ ಹಾಗೂ ಸುಳ್ಳು ಹೇಳಿದುದು ಮುಂದೆ ಬಯಲಾದವರ, ಚಿತ್ರಗಳನ್ನು ನೋಡಿದರು. ಅಲ್ಲಿಯೂ ನಕ್ಷೆಗೆ ಆಧಾರ ದೊರೆಯಲಿಲ್ಲ.

ಕಣ್ಣನ್ನು ನಂಬುವ ದೌರ್ಬಲ್ಯ ಎನ್.ಎಲ್.ಪಿ.ಗೆ ಮಾತ್ರ ಸೀಮಿತವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಸುಳ್ಳು ಹೇಳುವವನು ಕಣ್ಣು ತಪ್ಪಿಸುತ್ತಾನೆಂಬ ನಂಬಿಕೆ ಲೋಕದ ನಾನಾ ದೇಶಗಳಲ್ಲಿ ಕಂಡುಬಂದಿದೆ. ಬಾಂಡ್ ಮತ್ತು ಡಿಪೌಲೊ ಎಂಬ ಮನೋವಿಜ್ಞಾನಿಗಳು ಬಹುಸಂಖ್ಯೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ತೋರಿಸಿದಂತೆ, ಯಾವ ಸಲಕರಣೆಯೂ ಇಲ್ಲದೆ ಬರಿಯ ನೋಟ ಮಾತುಗಳಿಂದ ಸುಳ್ಳು ನಿಜಗಳನ್ನು ಬೇರ್ಪಡಿಸುವವರು ನೂರಕ್ಕೆ ಐವತ್ತನಾಲ್ಕು ಸಲ ಮಾತ್ರ ಸರಿಯಾಗಿರುತ್ತಾರೆ. ನಾಣ್ಯ ಚಿಮ್ಮಿ ಹೇಳಿದರೂ ಐವತ್ತು ಸಲ ಸರಿಯಾಗುತ್ತದೆ. ಇನ್ನು ನಮ್ಮ ಸೀಮೆಯ ವಿಷಯವೇ ಬೇರೆ. ಗುಬ್ಬಿ, ಕುಣಿಗಲು, ತುಮಕೂರಿನ ಹಳ್ಳಿಗಳಲ್ಲಿ ಹಿರಿಯರು ಗದರಿದಾಗ ಕಣ್ಣಿನಲ್ಲಿ ಕಣ್ಣಿಟ್ಟು ನಿಲ್ಲುವವನನ್ನು ಉದ್ಧಟನೆನ್ನುತ್ತಾರೆ. ತಲೆ ತಗ್ಗಿಸಿ ನೆಲ ನೋಡುವುದೇ ಮರ್ಯಾದೆಯೆಂದು ಮನೆಯಲ್ಲಿ ಕಲಿಸಿರುತ್ತಾರೆ. ಅದೇ ಮರ್ಯಾದೆಯನ್ನು ನಾನು ಅಪರಾಧದ ಗುರುತೆಂದು ಓದಿದೆ.

ಇಂದ್ರಿಯಗಳ ಪ್ರತಿಪಾದನೆ ಇದಕ್ಕಿಂತ ಹೆಚ್ಚು ಗಂಭೀರವಾದುದು, ಏಕೆಂದರೆ ಅದು ಬೋಧನೆಯ ಒಳಗೇ ಕೈಹಾಕುತ್ತದೆ. ಒಬ್ಬೊಬ್ಬನಿಗೂ ಪ್ರಧಾನವಾದ ಒಂದು ಇಂದ್ರಿಯವುಂಟೆ, ಅದನ್ನು ಮಾತಿನಿಂದಲೋ ಕಣ್ಣಿನಿಂದಲೋ ಗುರುತಿಸಬಹುದೆ, ಗುರುತಿಸಿದುದರಿಂದ ಪ್ರಯೋಜನವುಂಟೆ ಎಂಬ ಪ್ರಶ್ನೆಗಳ ಮೇಲೆ ನಡೆದ ಸಂಶೋಧನೆಗಳನ್ನು ಕ್ರಿಸ್ಟೊಫರ್ ಶಾರ್ಪ್ಲಿ ಎಂಬ ವಿದ್ವಾಂಸರು 1984ರಲ್ಲಿ ಒಮ್ಮೆ, 1987ರಲ್ಲಿ ಇನ್ನೊಮ್ಮೆ ಸಮೀಕ್ಷಿಸಿದರು. ಎರಡನೆಯ ಸಲ ಅವರು ನೋಡಿದ ಅಧ್ಯಯನಗಳು 44. ಎರಡು ಸಮೀಕ್ಷೆಗಳೂ ಪ್ರತಿಪಾದನೆಗೆ ಪ್ರತಿಕೂಲವಾಗಿಯೇ ಇದ್ದವು. ಎನ್.ಎಲ್.ಪಿ.ಯ ಹೊರಗೂ, ‘ಕಲಿಕೆಯ ಶೈಲಿ’ ಎಂಬ ಹೆಸರಿನಲ್ಲಿ, ಇದೇ ವಿಚಾರ ಶಾಲೆಗಳಲ್ಲಿ ಹರಡಿದೆ. ಹೆರಾಲ್ಡ್ ಪಾಷ್ಲರ್ ಮೊದಲಾದ ನಾಲ್ವರು ಮನೋವಿಜ್ಞಾನಿಗಳು 2008ರಲ್ಲಿ ಅದನ್ನು ಪರಿಶೀಲಿಸಿ ಒಂದು ಮುಖ್ಯವಾದ ಮಾತನ್ನು ಹೇಳಿದರು. ನೋಟದ ಮಕ್ಕಳೆಂದೂ ಕೇಳ್ಮೆಯ ಮಕ್ಕಳೆಂದೂ ಹೆಸರಿಟ್ಟ ಮಾತ್ರಕ್ಕೆ ಏನೂ ಸಿದ್ಧವಾಗುವುದಿಲ್ಲ. ಎರಡು ಗುಂಪಿನಲ್ಲಿಯೂ ಅರ್ಧ ಮಕ್ಕಳಿಗೆ ಚಿತ್ರದಿಂದ, ಅರ್ಧ ಮಕ್ಕಳಿಗೆ ಮಾತಿನಿಂದ ಪಾಠ ಮಾಡಿ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡಬೇಕು. ನೋಟದ ಗುಂಪಿಗೆ ಚಿತ್ರದ ಪಾಠವೇ ಲಾಭವಾಗಿ, ಕೇಳ್ಮೆಯ ಗುಂಪಿಗೆ ಮಾತಿನ ಪಾಠವೇ ಲಾಭವಾದರೆ ಮಾತ್ರ ಈ ವಿಂಗಡಣೆಗೆ ಬೆಲೆ. ಹೀಗೆ ಕ್ರಮವಾಗಿ ನಡೆಸಿದ ಪ್ರಯೋಗಗಳೇ ಬಹಳ ವಿರಳವೆಂದೂ, ನಡೆದವುಗಳಲ್ಲಿ ಹಲವು ಈ ನಂಬಿಕೆಗೆ ವಿರುದ್ಧವಾಗಿಯೇ ಇವೆಯೆಂದೂ ಅವರು ಕಂಡರು.

ಕನ್ನಡ ಅಧ್ಯಾಪಕನಾಗಿ ನನಗೆ ಇದು ಅನುಭವದಿಂದಲೂ ತೋರಿಬಂದ ಮಾತು. ಛಂದಸ್ಸನ್ನು ಕಲಿಸುವಾಗ ಪದ್ಯವನ್ನು ಗಟ್ಟಿಯಾಗಿ ಓದಿ ಕೇಳಿಸದಿದ್ದರೆ ಲಯ ತಿಳಿಯದು, ಹಲಗೆಯ ಮೇಲೆ ಲಘು ಗುರುಗಳ ಗುರುತು ಹಾಕಿ ಗಣ ವಿಂಗಡಿಸಿ ತೋರಿಸದಿದ್ದರೆ ಪ್ರಸ್ತಾರ ತಿಳಿಯದು, ಮಗು ತನ್ನ ಕೈಯಿಂದ ಹತ್ತು ಪದ್ಯಗಳಿಗೆ ಪ್ರಸ್ತಾರ ಹಾಕದಿದ್ದರೆ ಎರಡೂ ನಿಲ್ಲವು. ಕಿವಿ, ಕಣ್ಣು, ಕೈ ಮೂರೂ ಬೇಕು, ಎಲ್ಲ ಮಕ್ಕಳಿಗೂ ಬೇಕು. ಯಾವುದು ಮೊದಲು ಎಂಬುದನ್ನು ನಿರ್ಧರಿಸುವುದು ವಿಷಯ, ಮಗುವಿನ ಜಾತಕವಲ್ಲ. ‘ನೀನು ಕೇಳ್ಮೆಯವನು, ನಿನಗೆ ಭೂಪಟ ಒಗ್ಗದು’ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಹುಡುಗ ಭೂಪಟವನ್ನು ಬಿಡಿಸುವ ಗೋಜಿಗೇ ಹೋಗುವುದಿಲ್ಲ. ಈ ತೊಂದರೆಯನ್ನು ಯಾವ ಶಿಬಿರದಲ್ಲಿಯೂ ಹೇಳಿದುದನ್ನು ನಾನು ಕೇಳಿಲ್ಲ.

ಇಡೀ ವಿದ್ಯೆಯ ಮೇಲಣ ತೀರ್ಪುಗಳೂ ಇದಕ್ಕಿಂತ ಬೇರೆಯಾಗಿಲ್ಲ. ಸೈನಿಕರ ಸಾಮರ್ಥ್ಯವನ್ನು ಬೇಗನೆ ಹೆಚ್ಚಿಸುವ ಉಪಾಯಗಳನ್ನು ಪರಿಶೀಲಿಸಿಕೊಡಬೇಕೆಂದು ಅಮೆರಿಕದ ಭೂಸೇನೆ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಲಿಯನ್ನು ಕೇಳಿಕೊಂಡಿತ್ತು. ನಿದ್ರೆಯಲ್ಲಿ ಕಲಿಯುವುದು, ಅತೀಂದ್ರಿಯ ಶಕ್ತಿ ಮುಂತಾದವುಗಳೊಡನೆ ಎನ್.ಎಲ್.ಪಿ.ಯೂ ಆ ಪಟ್ಟಿಯಲ್ಲಿತ್ತು. ಮಂಡಲಿಯ ಸಮಿತಿ 1988ರಲ್ಲಿ ವರದಿ ಕೊಟ್ಟು, ಈ ವಿದ್ಯೆಯ ಮೂಲ ಕಲ್ಪನೆಗಳಿಗಾಗಲಿ ಪರಿಣಾಮಕ್ಕಾಗಲಿ ಆಧಾರ ಇಲ್ಲವೇ ಇಲ್ಲವೆನ್ನುವಷ್ಟು ಅಲ್ಪವೆಂದು ಹೇಳಿತು. ಕುಶಲಿಗಳನ್ನು ನೋಡಿ ಮಾದರಿ ರೂಪಿಸುವ ಆರಂಭದ ಕ್ರಮವನ್ನು ಮಾತ್ರ ಮೆಚ್ಚಿಕೊಂಡಿತು. ಪೋಲೆಂಡಿನ ತೋಮಾಷ್ ವಿಟ್ಕೋವ್‌ಸ್ಕಿ 2010ರಲ್ಲಿ ಮೂವತ್ತೈದು ವರ್ಷಗಳ ಸಂಶೋಧನೆಯನ್ನು ಜಾಲಾಡಿದರು. ಎನ್.ಎಲ್.ಪಿ.ಯ ಅಭಿಮಾನಿಗಳೇ ಸಂಗ್ರಹಿಸಿಟ್ಟಿದ್ದ ಪಟ್ಟಿಯಿಂದ ಅವರು ಆಯ್ದ ಪ್ರಾಯೋಗಿಕ ಅಧ್ಯಯನಗಳು 33. ಅವುಗಳಲ್ಲಿ ಪರವಾದವು 6, ವಿರುದ್ಧವಾದವು 18, ಅನಿಶ್ಚಿತವಾದವು 9. 2012ರಲ್ಲಿ ಬ್ರಿಟನ್ನಿನಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಹತ್ತು ಪ್ರಯೋಗಗಳನ್ನು ಸಮೀಕ್ಷಿಸಿದವರು ಕಾಯಿಲೆಗಳಲ್ಲಿ ಇದರಿಂದ ಗುಣವಾಗುವುದೆಂಬುದಕ್ಕೆ ಹೆಚ್ಚಿನ ಆಧಾರ ಕಾಣಲಿಲ್ಲ. ಪ್ರಯೋಗಗಳ ಸಂಖ್ಯೆಯೂ ಗುಣಮಟ್ಟವೂ ಕಡಮೆಯೆಂಬುದನ್ನೂ ಅವರು ಮುಚ್ಚಿಡಲಿಲ್ಲ.

ಹಾಗಾದರೆ ಶಿಬಿರದಿಂದ ಹೊರಬಂದವರೆಲ್ಲ ಅಷ್ಟು ಉತ್ಸಾಹದಿಂದ ಏಕಿರುತ್ತಾರೆಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನೂ ಉತ್ಸಾಹದಿಂದಲೇ ಹೊರಬಂದಿದ್ದೆ. ವರ್ಷಗಟ್ಟಲೆ ಯಾರೂ ತನ್ನ ಮಾತನ್ನು ಕೇಳದಿದ್ದ ಅಧ್ಯಾಪಕನೊಬ್ಬನಿಗೆ ಎರಡು ದಿನ ಒಬ್ಬರು ಎದುರು ಕುಳಿತು ತಲೆದೂಗುತ್ತ ಕೇಳಿದರೆ ಮನಸ್ಸು ಹಗುರಾಗದೆ ಇರುತ್ತದೆಯೇ? ಜೊತೆಗೆ ನಾಲ್ಕಾರು ಊರಿನ ಗೆಳೆಯರು, ಒಳ್ಳೆಯ ಊಟ, ಚಪ್ಪಾಳೆ. ಹಣ ಕೊಟ್ಟು ಬಂದವನಿಗೆ ಅದು ವ್ಯರ್ಥವಾಯಿತೆಂದು ಒಪ್ಪಿಕೊಳ್ಳುವುದೂ ಸುಲಭವಲ್ಲ. ಫಲಿಸಿದ ಒಂದನ್ನು ಊರಿಗೆಲ್ಲ ಹೇಳುತ್ತೇವೆ, ಫಲಿಸದ ಒಂಬತ್ತನ್ನು ಮರೆಯುತ್ತೇವೆ. ಹಗುರಾದ ಮನಸ್ಸು ಸುಳ್ಳಲ್ಲ. ಆದರೆ ಅದರಿಂದ ಕಣ್ಣಿನ ನಕ್ಷೆ ನಿಜವಾಗುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದು ಇಂತಹ ಸಂದರ್ಭಕ್ಕೇ ಇರಬೇಕು.

ಪ್ರಮಾಣಿಸಿ ನೋಡುವ ಪರಂಪರೆ ನಮ್ಮ ನಾಡಿಗೆ ಹೊಸದೇನಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ವ್ಯಾಸಂಗ ಮಾಡಿ ಬಂದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1920ರ ದಶಕದಲ್ಲಿಯೇ ಮನೋವಿಜ್ಞಾನದ ಅಧ್ಯಯನವನ್ನು ಕಟ್ಟಿದರು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಅವರೇ. ಅದೇ ದಶಕದಲ್ಲಿ ವಿ. ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಮುಂಬಯಿ-ಕರ್ನಾಟಕ ಪರಿಷ್ಕರಣವೆಂದು ಅದು ಪ್ರಸಿದ್ಧವಾಗಿದೆ. ಫ್ರಾನ್ಸಿನ ಮಗುವಿಗೆ ತಿಳಿದಿರುವ ವಸ್ತು ನಮ್ಮ ಮಗುವಿಗೆ ತಿಳಿದಿರಬೇಕೆಂದಿಲ್ಲ. ಆದುದರಿಂದ ಒಂದೊಂದು ಪ್ರಶ್ನೆಯನ್ನೂ ಇಲ್ಲಿನ ಮಕ್ಕಳ ಮುಂದಿಟ್ಟು, ಯಾವ ವಯಸ್ಸಿನವರಲ್ಲಿ ಎಷ್ಟು ಜನ ಉತ್ತರಿಸುತ್ತಾರೆಂದು ನೋಡಿ, ಸರಿಯಿಲ್ಲದ್ದನ್ನು ಕೈಬಿಡಬೇಕಾಯಿತು. ಆ ಬುದ್ಧಿಪರೀಕ್ಷೆಗಳಿಗೂ ತಮ್ಮ ಮಿತಿಗಳುಂಟು. ಆದರೆ ಮಗುವಿನ ಮನಸ್ಸಿನ ಬಗ್ಗೆ ಒಂದು ಮಾತು ಹೇಳಲು ಎಷ್ಟು ಬೆವರು ಸುರಿಸಬೇಕೆಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು.

ಗೌರಿಬಿದನೂರಿನ ಬಳಿಯ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಇತರ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ತನಿಖೆ ಮಾಡಲು ಒಂದು ಸಮಿತಿಯನ್ನು ರಚಿಸಿದರು. ಅದು ಎಬ್ಬಿಸಿದ ವಾದವಿವಾದಗಳನ್ನು ಹಿರಿಯ ಓದುಗರು ಮರೆತಿರಲಾರರು. ಆ ಸಮಿತಿಯ ಹೆಸರಿನಲ್ಲಿದ್ದ ‘ಪರೀಕ್ಷಿಸಿ ನೋಡಬಹುದಾದ’ ಎಂಬ ವಿಶೇಷಣ ಬಹು ಬೆಲೆಯುಳ್ಳದ್ದು. ಪರೀಕ್ಷೆಗೆ ಒಡ್ಡಲಾಗದ ನಂಬಿಕೆಯ ತಂಟೆಗೆ ಅದು ಹೋಗುವುದಿಲ್ಲ. ಆದರೆ ‘ಕಣ್ಣು ಬಲಕ್ಕೆ ಹೋದರೆ ಸುಳ್ಳು’ ಎಂಬುದು ಪರೀಕ್ಷಿಸಬಹುದಾದ ಮಾತು, ಆದುದರಿಂದ ಪರೀಕ್ಷಿಸಲೇಬೇಕಾದ ಮಾತು. ಈಚೆಗೆ ಮಕ್ಕಳ ‘ಮಧ್ಯಮಿದುಳನ್ನು’ ಎಚ್ಚರಿಸಿ ಕಣ್ಣುಕಟ್ಟಿಕೊಂಡು ಓದುವಂತೆ ಮಾಡುತ್ತೇವೆಂಬ ಶಿಬಿರಗಳು ಬಂದಾಗ ಮಂಗಳೂರಿನ ನರೇಂದ್ರ ನಾಯಕರು ಮಾಡಿದುದೂ ಇದನ್ನೇ. ಬಟ್ಟೆಗೂ ಮೂಗಿಗೂ ನಡುವಿನ ಸಂದಿಯಿಂದ ಮಕ್ಕಳು ಇಣುಕುತ್ತಾರೆಂಬುದನ್ನು ಅವರು ತೋರಿಸಿಕೊಟ್ಟರು. ದೊಡ್ಡವರಿಗಾಗಿ ಮಕ್ಕಳು ಸುಳ್ಳನ್ನು ಅಭ್ಯಾಸ ಮಾಡಬೇಕಾಗಿ ಬಂದುದು ಆ ಪ್ರಕರಣದ ಅತ್ಯಂತ ನೋವಿನ ಭಾಗ.

ನಮ್ಮ ರಾಜ್ಯದ ಹೆಸರಿನಲ್ಲಿಯೇ ನಿಂತಿರುವ ಒಂದು ಮೊಕದ್ದಮೆಯನ್ನು ಪ್ರಸ್ತಾಪಿಸದಿದ್ದರೆ ಈ ವಿಚಾರ ಅಪೂರ್ಣವಾಗುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಆರೋಪಿಗಳಿಗೆ ಮಂಪರು ಬರಿಸುವ ಔಷಧ ಕೊಟ್ಟು ಮಾತಾಡಿಸುವುದು, ಪಾಲಿಗ್ರಾಫ್ ಯಂತ್ರಕ್ಕೆ ಕೂರಿಸುವುದು, ಮಿದುಳಿನ ವಿದ್ಯುತ್ತನ್ನು ಅಳೆಯುವುದು ಮುಂತಾದ ಪರೀಕ್ಷೆಗಳಿಗೆ ಬೆಂಗಳೂರು ದೇಶದಲ್ಲೆಲ್ಲ ಹೆಸರಾಗಿತ್ತು. ಪತ್ರಿಕೆಗಳಲ್ಲಿ ಅವುಗಳ ವರ್ಣನೆಯೋ ವರ್ಣನೆ. ಸೆಲ್ವಿ ಮತ್ತು ಇತರರು ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2010ರ ಮೇ 5ರಂದು ತೀರ್ಪು ನೀಡಿತು. ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್. ವಿ. ರವೀಂದ್ರನ್ ಮತ್ತು ಜೆ. ಎಂ. ಪಾಂಚಾಲ್ ಅವರಿದ್ದ ಪೀಠ ಅದು. ಯಾವ ವ್ಯಕ್ತಿಯನ್ನೂ ಅವನ ಒಪ್ಪಿಗೆಯಿಲ್ಲದೆ ಇಂತಹ ಪರೀಕ್ಷೆಗಳಿಗೆ ಒಳಪಡಿಸಕೂಡದು, ಅದು ಸಂವಿಧಾನದ 20(3) ಮತ್ತು 21ನೆಯ ಅನುಚ್ಛೇದಗಳಿಗೆ ವಿರುದ್ಧ, ಒಪ್ಪಿ ಒಳಗಾದರೂ ಪರೀಕ್ಷೆಯ ಫಲಿತಾಂಶವನ್ನೇ ಸಾಕ್ಷ್ಯವೆಂದು ಪರಿಗಣಿಸಲಾಗದು ಎಂದು ನ್ಯಾಯಾಲಯ ಹೇಳಿತು. ಆ ತಂತ್ರಗಳ ವಿಶ್ವಾಸಾರ್ಹತೆಗೆ ಇರುವ ಮಿತಿಗಳನ್ನೂ ತೀರ್ಪು ಸುದೀರ್ಘವಾಗಿ ಚರ್ಚಿಸಿದೆ.

ಆ ತೀರ್ಪಿನ ಸುದ್ದಿಯನ್ನು ನಾನು ಶಾಲೆಯ ವಾಚನಾಲಯದಲ್ಲಿ ಕುಳಿತು ಓದಿದೆ. ಕೊಲೆಯ ಆರೋಪ ಹೊತ್ತವನ ಮೇಲೆಯೂ ಯಂತ್ರಗಳನ್ನಿಟ್ಟು ಬಲವಂತವಾಗಿ ಮಾಡಬಾರದೆಂದು ನ್ಯಾಯಾಲಯ ಹೇಳಿದ್ದನ್ನು ನಾನು ಹದಿನೈದು ವರ್ಷದ ಹುಡುಗನ ಮೇಲೆ ಯಂತ್ರವೂ ಇಲ್ಲದೆ, ಬರಿಯ ನೋಟದಿಂದ, ಅರೆನಿಮಿಷದಲ್ಲಿ ಮಾಡಿದ್ದೆ. ಆ ಸಂಜೆ ಮನೆಗೆ ಬಂದು ಚೌಕಟ್ಟಿನಿಂದ ಪ್ರಮಾಣಪತ್ರವನ್ನು ತೆಗೆದೆ. ಚೌಕಟ್ಟಿನಲ್ಲಿ ಈಗ ಮೊಮ್ಮಗಳ ಚಿತ್ರವಿದೆ.

ಶಾಲೆಗಳ ಆಡಳಿತವರ್ಗದವರಿಗೂ ದಾನಿಗಳಿಗೂ ಒಂದು ವಿಜ್ಞಾಪನೆ. ಇಂತಹ ಶಿಬಿರದ ಪ್ರಸ್ತಾಪ ಬಂದಾಗ ಅದನ್ನು ತಳ್ಳಿಹಾಕಬೇಕೆಂದು ನಾನು ಹೇಳುತ್ತಿಲ್ಲ. ಮೆಲುದನಿಯಲ್ಲಿ ಮಾತಾಡುವುದನ್ನೂ, ಕೇಳುವ ಸಹನೆಯನ್ನೂ ಯಾರು ಕಲಿಸಿದರೂ ಕಲಿಯೋಣ. ಆದರೆ ಬಂದವರನ್ನು ಕೇಳಬೇಕು: ನಿಮ್ಮ ಶಿಬಿರಕ್ಕೆ ಬಂದ ಅಧ್ಯಾಪಕರ ಮಕ್ಕಳು ಬಾರದ ಅಧ್ಯಾಪಕರ ಮಕ್ಕಳಿಗಿಂತ ಮುಂದೆ ಬಂದಿದ್ದಾರೆಯೇ, ಅದನ್ನು ಅಳೆದವರು ನೀವೋ ಬೇರೆಯವರೋ, ಅಳೆಯುವವರಿಗೆ ಯಾರು ಯಾವ ಗುಂಪಿನವರೆಂಬುದು ಮೊದಲೇ ತಿಳಿದಿತ್ತೋ ಇಲ್ಲವೋ? ನಿಮ್ಮ ತಂತ್ರ ತಪ್ಪಾದರೆ ತಪ್ಪೆಂದು ಹೇಗೆ ಗೊತ್ತಾಗುತ್ತದೆ? ಈ ಕೊನೆಯ ಪ್ರಶ್ನೆಗೆ ‘ತಪ್ಪಾಗುವುದೇ ಇಲ್ಲ’ ಎಂಬ ಉತ್ತರ ಬಂದರೆ ಚೆಕ್ ಪುಸ್ತಕವನ್ನು ಮೇಜಿನ ಒಳಗೇ ಇಡುವುದು ಲೇಸು. ಮಗುವಿನ ಮನಸ್ಸಿಗೆ ನಿಜವಾದ ತೊಂದರೆ ಕಂಡರೆ ನಮ್ಮ ರಾಜ್ಯದಲ್ಲಿಯೇ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಎರಡು ದಿನದ ಪ್ರಮಾಣಪತ್ರ ಪಡೆದವರ ಕೈಗೆ ಅಂತಹ ಮಗುವನ್ನು ಒಪ್ಪಿಸಬಾರದು.

ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ಜಾತ್ರೆಗೆ ನಾನು ತಪ್ಪದೆ ಹೋಗುತ್ತೇನೆ. ಈಚಿನ ಒಂದು ಜಾತ್ರೆಯಲ್ಲಿ, ದನಗಳು ಕಟ್ಟಿದ್ದ ಬಯಲಿನ ಅಂಚಿನಲ್ಲಿ, ಗಡ್ಡ ಬಿಟ್ಟ ಯುವಕನೊಬ್ಬ ‘ಸಾರ್’ ಎಂದು ಕೂಗಿ ನಿಲ್ಲಿಸಿದನು. ಎರಡು ದಶಕದ ಹಿಂದಿನ ಆ ಹುಡುಗ. ಒಂದು ಜೊತೆ ಹಳ್ಳಿಕಾರ್ ಹೋರಿಗಳನ್ನು ಮಾರಾಟಕ್ಕೆ ತಂದಿದ್ದನು. ಹೋರಿಗಳ ಹಲ್ಲು, ಸುಳಿ, ಬೆಲೆಗಳ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಮುನ್ನೂರೈವತ್ತು ರೂಪಾಯಿಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಅವನು ಪಕ್ಕದಲ್ಲಿದ್ದ ಪುಟ್ಟ ಮಗನನ್ನು ಮುಂದಕ್ಕೆ ತಳ್ಳಿ, ‘ನಮ್ಮ ಮೇಷ್ಟ್ರು ಕಣೋ, ನಮಸ್ಕಾರ ಮಾಡು’ ಎಂದನು. ಹುಡುಗ ಬಗ್ಗಿ ಕಾಲು ಮುಟ್ಟಿ, ನಾನು ಹೆಸರೇನೆಂದು ಕೇಳಿದಾಗ ನೆಲ ನೋಡುತ್ತ ಹೆಸರು ಹೇಳಿದನು.